ರಸಿಕನ ಪುಸ್ತಕಕ್ಕೆ ಒಂದು ಚಿತ್ರ

ಒಣಗಲು ಹಾಕಿದ್ದ ಹಾಳೆಗಳನ್ನು ಅವನು ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಐದನೆಯದಕ್ಕೆ ಬರುವ ಹೊತ್ತಿಗೆ ಅವನ ಕಿವಿ ಕೆಂಪಗಾಗಿತ್ತು.

"ಈ ಹೆಂಗಸಿಗೆ ಬಟ್ಟೆ ಉಡಿಸಿದ್ದು ಯಾರು?"

ಅಚ್ಚಿನ ಯಂತ್ರದ ಚಕ್ರ ಹಿಡಿದು ನಿಂತಿದ್ದ ಅವನ ಹೆಂಡತಿ, ಆ ಮನೆಯ ಸೊಸೆ, ತಲೆ ಎತ್ತಲಿಲ್ಲ. ಉತ್ತರ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು. ತಿಳಿದೂ ನಾಲ್ಕು ದಿನದಿಂದ ನುಂಗಿಕೊಂಡಿದ್ದಳು. ಮೇಜಿನ ಮುಂದೆ ಕೂತಿದ್ದ ಅತ್ತೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಳ್ಳುತ್ತ, "ಯಾವ ಹೆಂಗಸಿಗೋ?" ಎಂದರು.

"ಇನ್ಯಾವ ಹೆಂಗಸು ಅಮ್ಮಾ? ಮಂಚದ ಮೇಲೆ ಮಲಗಿದಾಳಲ್ಲ, ಅವಳಿಗೆ! ಚಿತ್ರ ಬರೆದವರು ಹುಟ್ಟಿದ ಹಾಗೆ ಬಿಟ್ಟಿದಾರೆ. ಇಲ್ಲಿ ನೋಡಿದ್ರೆ ಕಂಬಳಿ ಹೊದ್ದು ಮಲಗಿದಾಳೆ."

ಅತ್ತೆಯ ಕೈ ನಿಂತಿತು. ಏನನ್ನೋ ಲೆಕ್ಕ ಹಾಕಿದವರಂತೆ, "ಹೊದ್ಕೊಂಡ್ರೆ ನಿನಗೇನೋ ನಷ್ಟ? ಚಳಿಗಾಲ," ಅಂದರು.

ಅಲ್ಲಿಂದ ಶುರುವಾಯಿತು ಜಗಳ.

ಆ ಮನೆಯ ಕೆಳಗಿನ ಅಂತಸ್ತು ಪೂರ್ತಿ ಅಚ್ಚಿನ ಕೋಣೆ. ಅಡುಗೆ, ಊಟ, ನಿದ್ದೆಯೆಲ್ಲ ಮೇಲೆ. ಚಿತ್ರಕಾರರು ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ತಂದುಕೊಟ್ಟರೆ ಅದನ್ನು ಹಾಳೆಗೆ ಇಳಿಸಿಕೊಡುವುದು ಮನೆತನದ ಕಸುಬು. ತಗಡಿಗೆ ಮಸಿ ಮೆತ್ತಬೇಕು, ಮಸಿ ಗೆರೆಗಳ ಒಳಗೆ ಇಳಿಯಬೇಕು, ಮೇಲೆ ಉಳಿದದ್ದನ್ನು ಮೊದಲು ಜಾಳು ಬಟ್ಟೆಯಿಂದ, ಆಮೇಲೆ ಸೀಮೆಸುಣ್ಣದ ಪುಡಿ ಸವರಿದ ಅಂಗೈಯಿಂದ ಒರೆಸಬೇಕು. ಗೆರೆಯಲ್ಲಿ ಮಸಿ ಉಳಿಯಬೇಕು, ಗೆರೆಯಿಲ್ಲದ ಬಯಲಲ್ಲಿ ಒಂದು ಚೂರೂ ಉಳಿಯಬಾರದು. ನೆನೆಸಿದ ಹಾಳೆಯನ್ನು ಅದರ ಮೇಲೆ ಹಾಸಿ ಚಕ್ರ ತಿರುಗಿಸುವುದು ತೋಳಿನ ಕೆಲಸ, ಯಾರಾದರೂ ಮಾಡಿಯಾರು. ಒರೆಸುವುದು ಹಾಗಲ್ಲ. ನಲವತ್ತು ವರ್ಷದಿಂದ ಆ ಮೇಜು ಅತ್ತೆಯದು. ಮಾವ ಬದುಕಿದ್ದಾಗಲೂ ಗಿರಾಕಿಗಳು ಬಂದು ಕೇಳುತ್ತಿದ್ದದ್ದು, "ಅಮ್ಮನೇ ಒರೆಸ್ತಾರೆ ತಾನೆ?" ಎಂದು.

ಈ ಸಲದ ತಗಡು ತಂದವಳು ಊರೆಲ್ಲ ಹೆಸರು ಮಾಡಿದ ಒಬ್ಬ ಚಿತ್ರಕಾರ್ತಿ. ಹಳೆಯ ಕಾಲದ ಒಬ್ಬ ಪ್ರಸಿದ್ಧ ರಸಿಕ, ಕಂಡ ಕಂಡ ಹೆಂಗಸರ ಮನಸ್ಸು ಕದಿಯುವುದನ್ನೇ ಕಸುಬು ಮಾಡಿಕೊಂಡವನು, ಮುದುಕನಾದ ಮೇಲೆ ತನ್ನ ಸಾಹಸಗಳನ್ನೆಲ್ಲ ಬರೆದಿಟ್ಟಿದ್ದನಂತೆ. ಆ ಪುಸ್ತಕವನ್ನು ಹೊಸದಾಗಿ ತರುವವರು ಇವಳಿಂದ ಚಿತ್ರ ಬರೆಸಿದ್ದರು. ಚಿತ್ರವೋ, ಜ್ವರದಲ್ಲಿ ಬಿದ್ದ ಕನಸಿನ ಹಾಗಿತ್ತು. ಉತ್ತ ಹೊಲದ ಮೇಲೆ ದೋಣಿಯಂತೆ ತೇಲುತ್ತಿರುವ ಮಂಚ. ಅದರ ಮೇಲೆ ಬೆತ್ತಲೆ ಹೆಂಗಸು. ಅವಳ ಕೂದಲು ಇಳಿದು ದಾರಿಯಾಗಿ ಗುಡ್ಡ ಹತ್ತುತ್ತದೆ. ಪಕ್ಕದಲ್ಲಿ ಉದ್ದ ಕೋಟಿನ ಗಂಡಸು. ಮುಖ ಇರಬೇಕಾದಲ್ಲಿ ಅರ್ಧ ತೆರೆದ ಬಾಗಿಲು, ಕೋಟಿಗೆ ಗುಂಡಿಗಳ ಬದಲು ಸಾಲಾಗಿ ಕಿವಿಗಳು. ಹೊಲ, ಕೋಟು, ಕೂದಲು ಎಲ್ಲ ಕಡೆ ಒತ್ತೊತ್ತಾಗಿ ಗೆರೆ. ಹೆಂಗಸಿನ ಮೈಯೊಂದೇ ಬಯಲು, ಸುತ್ತ ಒಂದು ಸಣ್ಣ ಅಂಚುಗೆರೆ ಬಿಟ್ಟರೆ ಏನೂ ಇಲ್ಲ.

ಮೊದಲ ಮಾದರಿಯನ್ನು ಗಂಡನೇ ಚಿತ್ರಕಾರ್ತಿಯ ಎದುರು ಒರೆಸಿ ತೆಗೆದಿದ್ದ. ಅವಳು ಅದರ ಕೆಳಗೆ ರುಜು ಹಾಕಿ, "ಎಪ್ಪತ್ತೈದೂ ಹೀಗೇ ಬರ್ಬೇಕು. ಹೆಚ್ಚೂ ಬೇಡ, ಕಮ್ಮಿನೂ ಬೇಡ," ಎಂದು ಗೋಡೆಗೆ ಅಂಟಿಸಿ ಹೋಗಿದ್ದಳು. ಎಪ್ಪತ್ತೈದು ಅಚ್ಚಿಗೆ ತೊಂಬತ್ತು ಹಾಳೆ, ಕೈಯಿಂದ ಮಾಡಿದ ದಪ್ಪ ಕಾಗದ, ಕಳಿಸಿದ್ದರು. ಅಮ್ಮನಿಗೆ ಮುಜುಗರವಾಗಬಾರದೆಂದು ಗಂಡ, "ಯಾರೋ ಪ್ರವಾಸಿ ಬರೆದ ಪುಸ್ತಕ," ಎಂದು ಹೇಳಿ ಕೆಲಸ ಒಪ್ಪಿಸಿ, ನಾಲ್ಕು ದಿನ ಕಾಗದದ ಕಾರ್ಖಾನೆಗೆ ಹೊರಟುಹೋಗಿದ್ದ.

ಆದರೆ ಮನೆಯಲ್ಲಿ ಮಗಳಿದ್ದಳಲ್ಲ. ಕಾಲೇಜಿನ ಕೊನೆಯ ವರ್ಷ. ಬಾಯಿ ತೆರೆದರೆ ಸಿಡಿಯುತ್ತಾಳೆಂದು ಅಜ್ಜಿಯೇ ಇಟ್ಟ ಅಡ್ಡಹೆಸರು ಪಟಾಕಿ. ಅಪ್ಪ ಹೊರಟ ದಿನವೇ ಊಟಕ್ಕೆ ಕೂತಾಗ ಸಿಡಿದಳು.

"ಅಜ್ಜಿ, ಆ ಪ್ರವಾಸಿ ಎಲ್ಲೆಲ್ಲಿ ಪ್ರವಾಸ ಮಾಡಿದಾನೆ ಗೊತ್ತಾ? ಊರಿಂದೂರಿಗಲ್ಲ, ಮಂಚದಿಂದ ಮಂಚಕ್ಕೆ."

"ಪಟಾಕಿ, ಊಟ ಮಾಡು," ಎಂದಳು ಸೊಸೆ.

"ನಿಜ ಅಮ್ಮ. ಲೈಬ್ರರಿಲಿ ಓದಿದೀನಿ. ನೂರಾ ಚಿಲ್ಲರೆ ಹೆಂಗಸರು!"

ಅತ್ತೆ ತಟ್ಟೆಯ ಅಂಚನ್ನು ಬೆರಳಿಂದ ಹುಡುಕಿ ರೊಟ್ಟಿ ಮುರಿದರು. "ಅಷ್ಟು ಜನರಲ್ಲಿ ಒಬ್ಬಳೂ ಅವನಿಗೆ ಒಂದು ಕೆಲಸ ಕೊಡಿಸ್ಲಿಲ್ವಾ?" ಎಂದು ಕೇಳಿ, ಪಟಾಕಿ ನಕ್ಕು ಕೆಮ್ಮಿದ ಮೇಲೆ ಆ ವಿಷಯ ಮತ್ತೆ ಎತ್ತಲಿಲ್ಲ.

ಮಾರನೆಯ ದಿನ ಯಂತ್ರದಿಂದ ಮೂರನೆಯ ಹಾಳೆ ಎತ್ತಿದಾಗ ಸೊಸೆಗೆ ಕಂಡಿತು: ಹೆಂಗಸಿನ ಮೈ ಮೇಲೆ ತೆಳ್ಳಗೆ ಬೂದು ಬಣ್ಣ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಮಂಜಿನಂಥ ಒಂದು ಹೊದಿಕೆ. ಉಳಿದ ಚಿತ್ರ ಮಾದರಿಯ ಹಾಗೇ ಇದೆ. ನಾಲ್ಕನೆಯದೂ ಹಾಗೆಯೇ, ಐದನೆಯದೂ. ಅತ್ತೆಗೆ ಆ ಬೆತ್ತಲೆ ಸಹಿಸಲಾಗಿಲ್ಲ, ಬೇಕೆಂದೇ ಮಸಿ ಉಳಿಸುತ್ತಿದ್ದಾರೆ ಎಂದುಕೊಂಡಳು. ಹೇಳಬೇಕು ಅನ್ನಿಸಿತು. ಆದರೆ ತನಗೆ ಮಸಿ ಹಿಡಿಯುವುದನ್ನು ಕಲಿಸಿದವರಿಗೆ ತಾನು ಏನೆಂದು ಹೇಳುವುದು? ಮೊದಲೇ ಸೊಸೆ ಮಾತಿನವಳಲ್ಲ. 'ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮ ಸೊಸೆ ಹತ್ರ ಬೆಳ್ಳಿ ಇಲ್ವೇ ಇಲ್ಲ, ಬರೀ ಬಂಗಾರ' ಎಂದು ಅತ್ತೆ ಬಂದವರ ಮುಂದೆ ಹಾಸ್ಯ ಮಾಡುತ್ತಿದ್ದರು. ಆ ಬಂಗಾರವನ್ನೇ ಅವಳು ನಾಲ್ಕು ದಿನ ಕಾಪಾಡಿಕೊಂಡು ಬಂದಳು. ಇಪ್ಪತ್ತೆರಡು ಹಾಳೆ ಹೋದವು.

ಈಗ ಆ ಇಪ್ಪತ್ತೆರಡೂ ಗಂಡನ ಮುಂದಿದ್ದವು.

"ಬೇಕಂತ ಮಾಡಿದ್ಯಾ ಅಮ್ಮಾ?"

"ಹೂಂ, ಬೇಕಂತಲೇ," ಎಂದರು ಅತ್ತೆ. ಮಗನ ಕಡೆ ತಿರುಗಲಿಲ್ಲ. "ಮನೇಲಿ ಬೆಳೆದ ಹುಡುಗಿ ಓಡಾಡ್ತಾಳೆ. ಗೋಡೆಗೆ ಅದನ್ನ ಅಂಟಿಸ್ಕೊಂಡು ಕೂತಿದೀಯ."

"ಆ ಹುಡುಗಿ ಪುಸ್ತಕಾನೇ ಓದಿ ಮುಗಿಸಿದಾಳೆ! ಹೋದ ವರ್ಷ ಸ್ನಾನ ಮಾಡೋ ಹೆಂಗಸರದ್ದು ಹನ್ನೆರಡು ತಗಡು ಒರೆಸಿದ್ಯಲ್ಲ, ಆಗ ಎಲ್ಲಿತ್ತು ಈ ಮಡಿ?"

"ಆಗ ನನಗೆ ವಯಸ್ಸು ಒಂದು ವರ್ಷ ಕಮ್ಮಿ."

ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಪಟಾಕಿ ಕಿಸಕ್ಕೆಂದಳು. ಗಂಡ ನಗಲಿಲ್ಲ. "ಅಮ್ಮಾ, ಸಾಕು ಬಿಡು. ನಲವತ್ತು ವರ್ಷ ದುಡಿದಿದೀಯ. ಮೇಲೆ ಆರಾಮಾಗಿ ಕೂತ್ಕೋ. ಒರೆಸೋದು ಇವಳು ನೋಡ್ಕೊಳ್ತಾಳೆ," ಎಂದು ಹೆಂಡತಿಯ ಕಡೆ ಕೈ ತೋರಿಸಿದ.

ಅತ್ತೆ ಎದ್ದು ನಿಂತರು. ಮೇಜಿನ ಎರಡೂ ಅಂಚು ಹಿಡಿದಿದ್ದರು. "ಕೂತ್ಕೋ ಅಂತ ಇನ್ನೊಂದು ಸಲ ಅನ್ಬೇಡ. ಮಾದರಿ ಹಾಗೇ ಬೇಕು ತಾನೆ? ಹಾಗೇ ಬರುತ್ತೆ. ಒಂದು ವಾರ ನೋಡು. ಆಮೇಲೂ ತಪ್ಪಾದ್ರೆ ನಾನೇ ಈ ಏಪ್ರನ್ ಬಿಚ್ಚಿ ಕೊಡ್ತೀನಿ."

ಅಷ್ಟು ಹೊತ್ತಿಗೆ ಯಾರೋ ಗಿರಾಕಿ ಬಾಗಿಲಲ್ಲಿ ಕರೆದರು. ಗಂಡ ಗೊಣಗುತ್ತ ಹೊರಗೆ ಹೋದ.

ಅತ್ತೆ ಅದೇ ಗಳಿಗೆಯಲ್ಲಿ ತಗಡಿಗೆ ಮಸಿ ಹಚ್ಚಿದರು. ಜಾಳು ಬಟ್ಟೆ ಆಡಿಸಿದರು, ಅಂಗೈ ಆಡಿಸಿದರು. ಸೊಸೆ ಹತ್ತಿರವೇ ನಿಂತು ನೋಡಿದಳು. ಇದುವರೆಗೆ ಇಷ್ಟು ಕಾಳಜಿಯಿಂದ ಅವರು ಒರೆಸಿದ್ದನ್ನು ಅವಳು ಕಂಡಿರಲಿಲ್ಲ. ಮಗುವಿನ ಮೈ ಒರೆಸಿದ ಹಾಗಿತ್ತು. ಕೊನೆಗೆ ತಗಡನ್ನು ಎತ್ತಿ ಕೊಟ್ಟು, "ಈಗ? ಕನ್ನಡಿ ಹಾಗಿದೆ ತಾನೆ?" ಎಂದರು.

ತಗಡಿನ ನಡುವೆ ಹೆಂಗಸಿನ ಮೈ ಮೇಲೆ ಮಸಿಯ ಪದರ ಹಾಗೇ ಇತ್ತು.

ಆ ಕೋಣೆಯಲ್ಲಿ ಒಂದು ಪಾಠವಿತ್ತು: ಸರಿಯಾಗಿ ಒರೆಸಿದ ತಗಡಿನ ಬಯಲಲ್ಲಿ ಎದುರಿನ ಕಿಟಕಿ ಕಾಣಬೇಕು, ಸರಳುಗಳನ್ನು ಎಣಿಸುವಷ್ಟು ಚೊಕ್ಕವಾಗಿ. ಅವಳು ಮೆಲ್ಲಗೆ ಕೇಳಿದಳು:

"ಸರಳು ಎಷ್ಟು ಕಾಣುತ್ತೆ ಅತ್ತೆ?"

"ಏಳು. ಇನ್ನೆಷ್ಟು?"

ಮಳೆಗಾಲದಲ್ಲಿ ತುಕ್ಕು ತಿಂದು ಒಂದು ಸರಳು ಕಳಚಿ ಬಿದ್ದಿತ್ತು. ಗಂಡ ನಾಳೆ ಹಾಕಿಸ್ತೀನಿ, ನಾಡಿದ್ದು ಹಾಕಿಸ್ತೀನಿ ಎಂದು ದಿನ ತಳ್ಳಿ ಐದು ತಿಂಗಳಾಗಿತ್ತು. ಕಿಟಕಿಯಲ್ಲಿ ಇದ್ದದ್ದು ಆರೇ.

ಹಾಗಾದರೆ ಅತ್ತೆ ಯಾರಿಗೂ ಬಟ್ಟೆ ಉಡಿಸಿರಲಿಲ್ಲ. ಬೇರೆ ಕಡೆ ಉಳಿದ ಮಸಿ ಗೆರೆಗಳ ನಡುವೆ ಅಡಗಿಹೋಗುತ್ತಿತ್ತು; ಇಡೀ ತಗಡಿನಲ್ಲಿ ಬಯಲೆಂದಿದ್ದದ್ದು ಆ ಹೆಂಗಸಿನ ಮೈ ಒಂದೇ, ಅದಕ್ಕೇ ಅಲ್ಲಿ ಎದ್ದು ಕಂಡಿತು. ಅಷ್ಟೇ. ಮಗ 'ಬೇಕಂತ ಮಾಡಿದ್ಯಾ' ಎಂದು ಕೇಳಿದಾಗ ಅತ್ತೆ ಆ ಮಾತಿಗೇ ಜೋತುಬಿದ್ದಿದ್ದರು.

ಹೊರಗಿನಿಂದ ಗಂಡನ ಹೆಜ್ಜೆ ಸದ್ದು ಹತ್ತಿರವಾಯಿತು. ಸೊಸೆ ಯೋಚಿಸಲಿಲ್ಲ. ಯಂತ್ರದ ಕಡೆ ತಿರುಗಿ, ತಗಡನ್ನು ಏಪ್ರನ್ನಿಗೆ ಒತ್ತಿ ಹಿಡಿದು, ತನ್ನ ಅಂಗೈಯನ್ನು ಆ ಬಯಲಿನ ಮೇಲೆ ಮೂರು ಸಲ ಎಳೆದಳು. ಹಾಳೆ ಹಾಸಿ ಚಕ್ರ ತಿರುಗಿಸಿದಳು. ಬಿಳಿ ಮೈಯ ಹೆಂಗಸು ಹೊರಗೆ ಬಂದಳು.

"ನೋಡಿದ್ಯಾ?" ಗಂಡನ ಮುಖ ಅರಳಿತು. "ಮನಸ್ಸು ಮಾಡಿದ್ರೆ ಅಮ್ಮನ ಕೈ ಯಾರಿಗಿದೆ!"

ಅತ್ತೆ ಮುಂದಿನ ಅಚ್ಚಿಗೆ ಮಸಿಯ ಡಬ್ಬಿ ಹತ್ತಿರ ಎಳೆದುಕೊಂಡರು.

ಅವತ್ತಿನಿಂದ ಹತ್ತು ದಿನ ಹಾಗೆಯೇ ನಡೆಯಿತು. ಅತ್ತೆ ಒರೆಸಿ ಕೊಡುವರು. ಮೇಜಿನಿಂದ ಯಂತ್ರಕ್ಕೆ ಇರುವ ಆರು ಹೆಜ್ಜೆಯಲ್ಲಿ ಸೊಸೆ ಇನ್ನೊಮ್ಮೆ ಒರೆಸುವಳು. ಏಪ್ರನ್ನಿನ ಜೇಬಲ್ಲಿ ಸೀಮೆಸುಣ್ಣದ ಪುಡಿ ಇಟ್ಟುಕೊಂಡಳು. ಮೇಲೆ ಅಡುಗೆಮನೆಯಲ್ಲೂ ಅವಳ ಕಣ್ಣು ಅತ್ತೆಯ ಕೈಯನ್ನೇ ಹಿಂಬಾಲಿಸಿತು. ಅವರು ಲೋಟಕ್ಕೆ ನೀರು ಹಾಕುವಾಗ ಒಳಗೆ ಬೆರಳು ಇಟ್ಟುಕೊಳ್ಳುತ್ತಿದ್ದರು. ಆಲೂಗಡ್ಡೆ ಸಿಪ್ಪೆ ತೆಗೆದು ಹೆಬ್ಬೆರಳಿಂದ ಸವರಿ ನೋಡುತ್ತಿದ್ದರು. ಈ ಮನೆಯಲ್ಲಿ ಕಣ್ಣಿದ್ದವರು ಇದನ್ನೆಲ್ಲ ಇಷ್ಟು ದಿನ ನೋಡದೆ ಹೇಗಿದ್ದೆವು ಎಂದು ಅವಳಿಗೆ ನಾಚಿಕೆಯಾಯಿತು.

ಪಟಾಕಿ ಮಾತ್ರ ಬಿಡಲಿಲ್ಲ. ಸ್ನಾನದಿಂದ ಬಂದವಳು ಟವೆಲನ್ನು ಕುತ್ತಿಗೆವರೆಗೆ ಸುತ್ತಿಕೊಂಡು, "ಅಜ್ಜಿ, ಇಷ್ಟು ಮುಚ್ಚಿದ್ರೆ ಸಾಕಾ, ಇಲ್ಲ ಸ್ವಲ್ಪ ಮಸಿ ಬಳೀತೀಯಾ?" ಎನ್ನುವಳು.

"ಬಾಯಿಗೆ ಬಳೀತೀನಿ ಬಾ," ಎನ್ನುವರು ಅತ್ತೆ.

ಹನ್ನೊಂದನೆಯ ದಿನ, ಯಂತ್ರದಲ್ಲಿ ಹಾಳೆಯ ಮೇಲೆ ಹೊದಿಸುವ ಉಣ್ಣೆಯ ಹಾಸುಗಳನ್ನು ತಾರಸಿಯ ಮೇಲೆ ಒಣಹಾಕುವಾಗ, ಅತ್ತೆ ಒಂದು ತುದಿ ಹಿಡಿದುಕೊಂಡೇ ಹೇಳಿದರು:

"ನನ್ನ ಕೈ ಆದ್ಮೇಲೆ ಇನ್ನೊಂದು ಕೈ ಆಡ್ತಿದೆ."

ಸೊಸೆ ಹಾಸನ್ನು ಜಾಡಿಸಿದಳು.

"ಕಣ್ಣು ಮಂಜಾದ್ರೆ ಕಿವಿಯೂ ಹೋಗುತ್ತೇನೆ? ತಾಮ್ರದ ಮೇಲೆ ಅಂಗೈ ಕಿರ್ ಅನ್ನುತ್ತೆ. ದಿನಾ ಕೇಳಿಸ್ಕೊಳ್ತಿದೀನಿ. ಒತ್ತು ಜಾಸ್ತಿ ಹಾಕ್ತೀಯ ನೀನು."

"ಯಾವಾಗಿಂದ ಅತ್ತೆ?" ಎಂದಳು ಸೊಸೆ.

"ಎಡಗಣ್ಣು ಹೋದ ಚಳಿಗಾಲದಿಂದ. ಬಲಗಣ್ಣು ಮಳೆಗಾಲ ಶುರುವಾದಾಗಿಂದ."

"ಡಾಕ್ಟರಿಗೆ ತೋರಿಸ್ಬೇಕಿತ್ತು."

"ತೋರಿಸಿದ್ರೆ ಏನಂತಾರೆ ಗೊತ್ತು." ಅತ್ತೆ ತಾರಸಿಯ ಗೋಡೆಗೆ ಒರಗಿ ಕೂತರು. "ನಮ್ಮಮ್ಮನಿಗೆ ಹೀಗೇ ಆಯ್ತು. ಮೊದಲು ಮಂಜು, ಆಮೇಲೆ ಹೊಗೆ, ಆಮೇಲೆ ಏನೂ ಇಲ್ಲ. ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದ್ವಿ. ಒಂಬತ್ತು ವರ್ಷ ಕೂತಿದ್ಳು. ಬಂದೋರೆಲ್ಲ 'ಪಾಪ' ಅಂತಿದ್ರು. ತಲೆ ಸವರಿ ಹೋಗ್ತಿದ್ರು, ಬೆಕ್ಕನ್ನ ಸವರಿದ ಹಾಗೆ. ನನಗೆ ಆ ಕುರ್ಚಿ ಬೇಡ ಕಣೇ. ಅದಕ್ಕೇ ಇವನು ಕೂತ್ಕೋ ಅಂದಾಗ ಮೈ ಉರಿದುಹೋಯ್ತು."

ಸೊಸೆ ಅವರ ಪಕ್ಕ ಕೂತಳು. ಕೆಳಗಿನ ಬೀದಿಯಲ್ಲಿ ಗ್ಯಾಸಿನ ಗಾಡಿ ಹೋಯಿತು.

"ಈ ಕೆಲಸ ಮುಗಿಯೋವರೆಗೂ ಯಾರಿಗೂ ಹೇಳ್ಬೇಡ. ಮಾತು ಕೊಡು."

"ಹೂಂ," ಎಂದಳು ಸೊಸೆ. ಕೊಡಬಾರದಿತ್ತು ಎಂದು ಮೆಟ್ಟಿಲು ಇಳಿಯುವಾಗಲೇ ಅನ್ನಿಸಿತು.

ಆ ಮಾತು ಎರಡು ದಿನವೂ ಉಳಿಯಲಿಲ್ಲ. ಹಿತ್ತಲಿನ ಮಾಡಿನ ಕೆಳಗೆ ಎರಡು ಬಿಳಿ ತಟ್ಟೆಗಳು, ಒಂದು ಹಾಳೆ ನೆನೆಸುವ ನೀರಿನದು, ಇನ್ನೊಂದು ಕೆಲವು ಚಿತ್ರಕಾರರು ಇಲ್ಲಿಗೇ ಬಂದು ತಗಡು ಕೊರೆಯಲು ಬಳಸುವ ಆಸಿಡ್ಡಿನದು. ಆಸಿಡ್ಡಿನ ತಟ್ಟೆ ಯಾವಾಗಲೂ ಗೋಡೆಯ ಕಡೆ. ಅವತ್ತು ಗಂಡ ನೆಲ ತೊಳೆಯಲೆಂದು ಅವನ್ನು ಅದಲು ಬದಲು ಇಟ್ಟಿದ್ದ. ಸೊಸೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ಅತ್ತೆ ತೋಳು ಮಡಚಿ, ಆಸಿಡ್ಡಿನ ತಟ್ಟೆಯ ಮೇಲೆ ಬಾಗಿ, ನೆನೆಸಿದ ಹಾಳೆ ಎತ್ತಲೆಂದು ಎರಡೂ ಕೈ ಒಳಗೆ ಇಳಿಸುವುದರಲ್ಲಿದ್ದರು. ಅವಳು ಓಡಿಹೋಗಿ ಮಣಿಕಟ್ಟು ಹಿಡಿದು ಎಳೆದಳು. ಇಬ್ಬರೂ ಒದ್ದೆ ನೆಲದ ಮೇಲೆ ಕುಸಿದು ಕೂತರು.

"ವಾಸನೆ ಬರ್ತಿತ್ತು. ಗೊತ್ತಾಗ್ತಿತ್ತು ಬಿಡು," ಎಂದರು ಅತ್ತೆ.

ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತರು. ಬೇಯಿಸಿದ ಬೇಳೆ, ಅನ್ನ, ಹುರಿದ ಆಲೂಗಡ್ಡೆ. ಗಂಡ ಎರಡನೆಯ ಸಲ ಬಡಿಸಿಕೊಳ್ಳಲು ಕೈ ಚಾಚಿದಾಗ ಸೊಸೆ ಸೌಟು ಕೆಳಗಿಟ್ಟು ಹೇಳಿದಳು:

"ಅತ್ತೆಗೆ ಕಣ್ಣು ಕಾಣಿಸ್ತಿಲ್ಲ."

ಯಾರೂ ಅಗಿಯಲಿಲ್ಲ.

"ಏನಂದೆ?" ಎಂದ ಗಂಡ.

"ಆ ಹೆಂಗಸಿಗೆ ಅವರೇನೂ ಬಟ್ಟೆ ಉಡಿಸ್ಲಿಲ್ಲ. ಮಸಿ ಉಳಿದದ್ದು ಅವರಿಗೆ ಕಾಣ್ಲಿಲ್ಲ. ಇಷ್ಟು ದಿನ ಕೊನೇ ಕೈ ನನ್ನದು. ಇವತ್ತು ಆಸಿಡ್ಡಿಗೆ ಕೈ ಇಡ್ತಿದ್ರು." ಒಂದು ವರ್ಷದ ಮಾತನ್ನು ಒಂದೇ ಉಸಿರಿಗೆ ಆಡಿದವಳಂತೆ ಅವಳು ಏದುಸಿರು ಬಿಟ್ಟಳು.

ಅತ್ತೆ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. "ಎರಡು ದಿನ. ಎರಡೇ ದಿನಕ್ಕೆ ಕೊಟ್ಟ ಮಾತು ತಿಂದುಹಾಕಿದೆ. ಮಗಳ ಹಾಗೆ ನೋಡ್ಕೊಂಡೆ ನಿನ್ನ. ಕೊನೆಗೂ ಸೊಸೆ ಸೊಸೆನೇ."

"ಸುಮ್ನಿರಮ್ಮಾ!" ಗಂಡ ಗುಡುಗಿದ. "ನಿಮ್ಮಿಬ್ಬರದೂ ಒಂದೇ ಗುಂಪು. ನನ್ನ ಕಣ್ಣ ಮುಂದೆ ಇಷ್ಟೆಲ್ಲ ನಾಟಕ! ನಾನೇನು ಈ ಮನೇಲಿ ಬಾಡಿಗೆಗೆ ಇದೀನಾ?" ಗುಡುಗಿದವನ ದನಿ ಅರ್ಧದಲ್ಲೇ ಒಡೆಯಿತು. "ಆ ತಟ್ಟೆ ಅದಲು ಬದಲು ಇಟ್ಟದ್ದು ನಾನು."

ಪಟಾಕಿ ಅಳುತ್ತಿದ್ದಳು. "ನಾನು ನಿನ್ನ ಮಡಿವಂತೆ ಮಡಿವಂತೆ ಅಂತ ಅಷ್ಟು ಆಡ್ಕೊಂಡ್ನಲ್ಲ. ನೀನ್ಯಾಕೆ ಹೇಳ್ಲಿಲ್ಲ ಅಜ್ಜಿ?"

"ಆಡ್ಕೊಳ್ಳಿ ಅಂತಲೇ ಬಿಟ್ಟೆ. ಕುರುಡಿ ಅನ್ನಿಸ್ಕೊಳ್ಳೋದಕ್ಕಿಂತ ಮಡಿವಂತೆ ಅನ್ನಿಸ್ಕೊಳ್ಳೋದು ವಾಸಿ," ಎಂದು ಅತ್ತೆ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೂರು ದಿನ ಅವರು ಸೊಸೆಯ ಜೊತೆ ಮಾತಾಡಲಿಲ್ಲ. ಅವಳು ಬಡಿಸಿದರೆ ಉಣ್ಣಲಿಲ್ಲ. ಪಟಾಕಿ ಬಡಿಸಿದರೆ ಉಂಡರು. "ಉಪ್ಪು ಕಮ್ಮಿ ಅಂತ ನಿಮ್ಮಮ್ಮನಿಗೆ ಹೇಳು," ಎಂದು ಸೊಸೆ ಎದುರಿಗಿದ್ದಾಗಲೇ ಮೊಮ್ಮಗಳಿಗೆ ಹೇಳುತ್ತಿದ್ದರು. ಸೊಸೆ ಉಪ್ಪಿನ ಡಬ್ಬಿ ಎತ್ತಿ ಮಗಳ ಕೈಗೆ ಕೊಡುತ್ತಿದ್ದಳು.

ಆ ಮೂರು ದಿನದ ನಡುವೆಯೇ ಚಿತ್ರಕಾರ್ತಿ ಹೇಳದೆ ಕೇಳದೆ ಬಂದಿಳಿದಳು. ಬೂದು ಮೈಯ ಇಪ್ಪತ್ತೆರಡು ಹಾಳೆಗಳನ್ನು ಅಡಗಿಸಿಡಲು ಪುರುಸೊತ್ತಾಗಲಿಲ್ಲ. ಅವಳು ಒಂದನ್ನೆತ್ತಿ ಬಹಳ ಹೊತ್ತು ನೋಡಿದಳು. ಒಳಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಾರೆಂದು ಸೊಸೆಗೆ ಅವರ ಚಪ್ಪಲಿಯ ಸದ್ದಿನಿಂದ ಗೊತ್ತಾಯಿತು.

"ಚೆನ್ನಾಗೇ ಇದೆ," ಎಂದಳು ಚಿತ್ರಕಾರ್ತಿ. "ಆದ್ರೆ ನನ್ನದಲ್ಲ. ಆ ಮನುಷ್ಯ ಸಾವಿರ ಪುಟ ಬರ್ಕೊಂಡಿದಾನೆ, ಒಬ್ಬ ಹೆಂಗಸಿನ ಮುಖವೂ ಸರಿಯಾಗಿ ನೆನಪಿಲ್ಲ. ಅವನಿಗೆ ಕಾಣದೇ ಹೋದದ್ದನ್ನ ನಾನು ಬಿಳಿ ಬಿಟ್ಟೆ. ಅದರ ಮೇಲೆ ಮಸಿ ಕೂತ್ರೆ ಚಿತ್ರಾನೇ ಇಲ್ಲ. ಯಾರು ಒರೆಸಿದ್ದು ಇದನ್ನ?"

"ನಾನೇ," ಎಂದ ಗಂಡ. "ಅವಸರ ಮಾಡ್ಬಿಟ್ಟೆ. ನನ್ನ ತಪ್ಪು."

"ಅಮ್ಮನ ಕೈಗೇ ಕೊಡ್ಬೇಕಿತ್ತು ನೀವು."

"ಹೌದು. ಕೊಡ್ಬೇಕಿತ್ತು."

ಅವಳು ಇಪ್ಪತ್ತೆರಡನ್ನೂ ತನ್ನೆದುರೇ ಹರಿದುಹಾಕಿಸಿದಳು. ಹೊಸ ಹಾಳೆ ಕಳಿಸುತ್ತೇನೆ, ತಿಂಗಳು ತಡವಾದರೂ ಪರವಾಗಿಲ್ಲ, ಅವಸರ ಬೇಡ ಎಂದು ಚಹಾ ಕುಡಿದು ಹೋದಳು. ಒಳಗಿನ ಚಪ್ಪಲಿಯ ಸದ್ದು ಮೆಲ್ಲಗೆ ದೂರವಾಯಿತು. ಅದಾದ ಅರ್ಧ ಗಂಟೆಗೆ ಅತ್ತೆ ಪಟಾಕಿಯನ್ನು ಕರೆದು, "ಕಣ್ಣಿನ ಡಾಕ್ಟರಿಗೆ ಯಾವತ್ತು ಹೋಗ್ಬೇಕಂತೆ ಕೇಳು ನಿಮ್ಮಪ್ಪನ್ನ. ನನಗೋಸ್ಕರ ಅವನು ಸುಳ್ಳು ಹೇಳೋದು ಕಲೀಬಾರದು," ಎಂದರು.

ಆಸ್ಪತ್ರೆಗೆ ಕರೆದುಕೊಂಡು ಹೋದವಳು ಸೊಸೆ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಮಾತಿಲ್ಲದೆ ಹೋದರು. ಡಾಕ್ಟರು ಪಟಾಕಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಯಂತ್ರದಲ್ಲಿ ಒಂದು ಕಣ್ಣು ನೋಡಿದಳು, ಇನ್ನೊಂದು ನೋಡಿದಳು, ಕುರ್ಚಿಯಲ್ಲಿ ಹಿಂದಕ್ಕೊರಗಿದಳು.

"ಪೊರೆ ಅಜ್ಜಿ. ಚೆನ್ನಾಗಿ ಹಣ್ಣಾಗಿದೆ ಎರಡೂ. ತೆಗೆದ್ರಾಯ್ತು."

"ತೆಗೆದ್ರೆ?" ಎಂದರು ಅತ್ತೆ.

"ತೆಗೆದ್ರೆ ಕಾಣುತ್ತೆ. ಹಿಂದಿನ ನರ ಎಲ್ಲ ಗಟ್ಟಿಯಾಗಿದೆ. ಒಂದೊಂದು ಕಣ್ಣಿಗೆ ಇಪ್ಪತ್ತು ನಿಮಿಷದ ಕೆಲಸ."

"ನಮ್ಮಮ್ಮನಿಗೆ ಹೀಗೇ ಆಗಿ ಪೂರ್ತಿ ಹೋಯ್ತು."

"ಅವರಿಗೆ ತೋರಿಸಿದ್ರಾ?"

"ಇಲ್ಲ. ವಯಸ್ಸಾಯ್ತು ಅಂತ..." ಅತ್ತೆ ನಿಲ್ಲಿಸಿದರು.

ಡಾಕ್ಟರು ಚೀಟಿ ಬರೆಯುತ್ತ ತಲೆ ಎತ್ತದೆ, "ಹಾಗಾದ್ರೆ ಅವರದ್ದೂ ಪೊರೆನೇ ಇತ್ತೋ ಏನೋ. ಯಾರಿಗೆ ಗೊತ್ತು," ಎಂದಳು.

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತೆ ಕೂತುಬಿಟ್ಟರು. ಜನ ಅವರನ್ನು ಬಳಸಿಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. "ಒಂಬತ್ತು ವರ್ಷ," ಎಂದರು ಒಮ್ಮೆ. ಬಹಳ ಹೊತ್ತಿನ ಮೇಲೆ ಮತ್ತೆ, "ಇಪ್ಪತ್ತು ನಿಮಿಷ." ಸೊಸೆ ಅವರ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಬಿಸಿಲು ಮೆಟ್ಟಿಲಿಗೆ ಬಂದಾಗ ಅತ್ತೆ ಮೂಗು ಒರೆಸಿಕೊಂಡರು. "ನೀರು ತಂದಿದೀಯೇನೆ?"

ಮೂರು ದಿನದ ನಂತರ ನೇರವಾಗಿ ಅವಳಿಗೇ ಆಡಿದ ಮೊದಲ ಮಾತು ಅದು. ಸೊಸೆ ಬಾಟಲಿಯ ಮುಚ್ಚಳ ತೆಗೆಯಲು ಹೋಗಿ ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡಳು.

"ನಿನಗೇನಾಯ್ತು? ನಿನಗೂ ಪೊರೆನಾ?" ಎಂದು ಅತ್ತೆ ನಕ್ಕರು. ಸೊಸೆಗೂ ನಗು ಬಂತು; ನಿಲ್ಲಿಸಲಾಗಲಿಲ್ಲ. ಮನೆಗೆ ಮರಳುವ ಬಸ್ಸಿನಲ್ಲೂ ಅದು ನಿಂತಿರಲಿಲ್ಲ; ಟಿಕೆಟ್ ಕೊಡಲು ಬಂದ ಕಂಡಕ್ಟರು ಈ ಇಬ್ಬರೂ ಯಾಕೆ ಹೀಗೆ ನಗುತ್ತಿದ್ದಾರೆಂದು ಎರಡೆರಡು ಸಲ ನೋಡಿದ.

ಮೊದಲು ಬಲಗಣ್ಣು, ಹದಿನೈದು ದಿನದ ಮೇಲೆ ಎಡಗಣ್ಣು. ಪಟಾಕಿ ಗಂಟೆಗೊಮ್ಮೆ ಹನಿ ಹಾಕಿದಳು, ಹಾಕುವಾಗ ಬಾಯಿ ಮುಚ್ಚಿಕೊಂಡಿರುವುದನ್ನೂ ಸ್ವಲ್ಪ ಕಲಿತಳು. ಗಂಡ ಆಸಿಡ್ಡಿನ ತಟ್ಟೆಗೆ ಬೇರೆಯೇ ಒಂದು ಕಟ್ಟೆ ಕಟ್ಟಿಸಿದ. ಚಿತ್ರಕಾರ್ತಿಯ ಹೊಸ ಹಾಳೆಗಳು ಬಂದವು. ಯಾರೂ ಅವನ್ನು ಬಿಚ್ಚಲಿಲ್ಲ. ಮೇಜು ಆರು ವಾರ ಖಾಲಿ ಇತ್ತು. ನೀನೇ ಒರೆಸಿ ಮುಗಿಸು ಎಂದು ಗಂಡ ಒಮ್ಮೆ ಹೇಳಿದ. ಸೊಸೆ, "ಅತ್ತೆ ಬರ್ಲಿ, ಅವಸರ ಬೇಡ ಅಂತ ಚಿತ್ರಕಾರ್ತಿನೇ ಹೇಳಿದಾರಲ್ಲ," ಎಂದಳು.

ಕೊನೆಗೆ ಒಂದು ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು, ಪಕ್ಕದ ಕಂಬಿ ಹಿಡಿಯದೆ ಅತ್ತೆ ಮೆಟ್ಟಿಲು ಇಳಿದು ಬಂದರು. ಗೋಡೆಯ ಮಾದರಿಯ ಮುಂದೆ ನಿಂತು ಕನ್ನಡಕ ತೆಗೆದರು. ಅವರು ಹತ್ತಾರು ಸಲ ಒರೆಸಿದ್ದ ಚಿತ್ರವನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

"ದೇವರೇ! ಇವನ ಮೈ ತುಂಬ ಕಿವಿ!"

"ಗುಂಡಿ ಬದಲು, ಅಜ್ಜಿ," ಎಂದಳು ಪಟಾಕಿ.

ಅತ್ತೆ ಇನ್ನಷ್ಟು ಹತ್ತಿರ ಹೋದರು. "ಅದಕ್ಕೇ ಮತ್ತೆ. ಅಷ್ಟು ಜನ ಇವನ ಹಿಂದೆ ಯಾಕೆ ಹೋದ್ರು ಅಂತಿದ್ದೆ. ಹೇಳಿದ್ದನ್ನ ಕೂತು ಕೇಳಿಸ್ಕೊಳ್ಳೋ ಗಂಡಸು ಎಲ್ಲಿ ಸಿಗ್ತಾನೆ ಹೇಳು?"

"ಅಮ್ಮಾ, ನಾನಿಲ್ಲೇ ಇದೀನಿ," ಎಂದ ಗಂಡ.

"ಏನಂದೆ?" ಎಂದು ಸೊಸೆ, ಅವತ್ತು ಊಟಕ್ಕೆ ಕೂತಾಗಿನ ಅವನದೇ ಧಾಟಿಯಲ್ಲಿ ಕೇಳಿದಳು. ಎಲ್ಲರೂ ಅವಳ ಕಡೆ ತಿರುಗಿ ನೋಡಿದರು, ಮೊದಲು ಬೆರಗಾಗಿ, ಆಮೇಲೆ ನಗುತ್ತ.

ಅತ್ತೆ ಏಪ್ರನ್ ಕಟ್ಟಿಕೊಂಡು ಮೇಜಿಗೆ ಕೂತರು. ಮಸಿ ಮೆತ್ತಿ, ಜಾಳು ಬಟ್ಟೆ ಆಡಿಸಿ, ಅಂಗೈಗೆ ಪುಡಿ ಸವರಿದರು. ಕಾಣುವ ಕಣ್ಣಿನ ಸಂಭ್ರಮವೋ ಏನೋ, ಒಂದು ಕಲೆ ಕಂಡರೆ ಒರೆಸಿದರು, ಕಲೆಯ ನೆರಳು ಕಂಡರೂ ಒರೆಸಿದರು. ಅಂಗೈ ಬಯಲನ್ನು ದಾಟಿ ಹೊಲದ ಗೆರೆಗಳ ಮೇಲೆಲ್ಲ ಓಡಾಡಿತು. ಹತ್ತಿರ ನಿಂತಿದ್ದ ಸೊಸೆಗೆ ಕಾಣುತ್ತಿತ್ತು: ಗೆರೆಯೊಳಗಿನ ಮಸಿಯೂ ಎದ್ದು ಬರುತ್ತಿದೆ. ಹೀಗೇ ಅಚ್ಚು ಹಾಕಿದರೆ ಹೊಲ ತೊಳೆದ ಬಟ್ಟೆಯಂತೆ ಮಾಸಿ ಬರುತ್ತದೆ. ಅತ್ತೆ ತಗಡು ಎತ್ತಿ ಹೆಮ್ಮೆಯಿಂದ ಮುಂದೆ ಚಾಚಿದರು.

ಸೊಸೆ ಅದನ್ನು ತೆಗೆದುಕೊಳ್ಳಲಿಲ್ಲ.

"ಅತ್ತೆ, ಜಾಸ್ತಿ ಒರೆಸಿಬಿಟ್ರಿ. ಹೊಲದಲ್ಲಿ ಮಸಿ ಉಳಿದಿಲ್ಲ."

ಅತ್ತೆ ತಗಡನ್ನು ಓರೆ ಮಾಡಿ ಬೆಳಕಿಗೆ ಹಿಡಿದರು. ತುಟಿ ಬಿಗಿಯಿತು, ಹುಬ್ಬು ಏರಿತು. ನಲವತ್ತು ವರ್ಷದಲ್ಲಿ ಅವರು ಒರೆಸಿದ ತಗಡನ್ನು ಯಾರೂ ತಿರುಗಿಸಿ ಕೊಟ್ಟಿರಲಿಲ್ಲ.

"ಹೌದಲ್ಲೇ," ಎಂದರು ಕೊನೆಗೆ. "ಅರ್ಧ ಒರೆಸುವಾಗಲೇ ಹೇಳೋಕೆ ಏನಾಗಿತ್ತು ನಿನಗೆ?"

"ಈಗ ಹೇಳಿದ್ನಲ್ಲ."

ಅತ್ತೆ ಗೊಣಗಿಕೊಳ್ಳುತ್ತ ತಗಡಿಗೆ ಮತ್ತೆ ಮಸಿ ಮೆತ್ತಿದರು. ಹಾಳಾಗಬೇಕಿದ್ದ ಒಂದು ಹಾಳೆ ಉಳಿಯಿತು.